ಕೊರಮೀನಿನ ಕಾವಲು



ಹೋದ ಶ್ರಾವಣದಲ್ಲಿ ಒಂದು ಬೆಳಗ್ಗೆ ನನ್ನ ಅಣ್ಣನ ಮಗ ಫೋನ್ ಮಾಡಿದ. ಅವನಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. "ಚಿಕ್ಕಪ್ಪಾ, ನಾಲ್ಕು ದಿನ ದೋಣಿ ಹುಟ್ಟು ಹಾಕ್ಕೊಂಡು ಕಾಡಿನ ಕೆರೆಗಳಲ್ಲೇ ಇದ್ದು ಬಂದೆ. ಫೋನಿಗೆ ಸಿಗ್ನಲ್ಲೂ ಇರ್ಲಿಲ್ಲ. ನೀವು ಬಂದಿದ್ರೆ ವಾಪಸ್ ಹೊರಡ್ತಾನೇ ಇರ್ಲಿಲ್ಲ" ಅಂದ. ಅವನ ದನಿಯಲ್ಲಿ ಚಿಕ್ಕಂದಿನ ಸಡಗರ ಇತ್ತು. ರಜಕ್ಕೆ ಊರಿಗೆ ಬಂದಾಗ ನನ್ನ ಜೊತೆ ಆವನಿಯ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತು ಬೆಳೆದ ಹುಡುಗ ಅವನು.

ಅವನು ಹೋಗಿದ್ದ ಜಾಗದ ಹೆಸರು ಬೌಂಡರಿ ವಾಟರ್ಸ್. ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿ ಹತ್ತು ಲಕ್ಷ ಎಕರೆಗೂ ಮೀರಿದ ಕಾಡು, ಅದರೊಳಗೆ ಸಾವಿರಕ್ಕೂ ಹೆಚ್ಚು ಸರೋವರಗಳು. 1964ರ ಕಾನೂನಿನ ಪ್ರಕಾರ ಕಾಡನ್ನು ಕಾಡಾಗಿಯೇ ಉಳಿಸಿದ್ದಾರೆ. ಬಹುಪಾಲು ಸರೋವರಗಳಿಗೆ ಮೋಟಾರು ದೋಣಿ ಇಳಿಸುವಂತಿಲ್ಲ. ತೆಳ್ಳಗಿನ ಉದ್ದ ದೋಣಿ, ಎರಡು ಹುಟ್ಟು, ಒಂದು ಗುಡಾರ, ಇಷ್ಟೇ ಸಾಮಾನು. ಒಂದು ಸರೋವರ ಮುಗಿದ ಕಡೆ ದೋಣಿಯನ್ನು ಬೋರಲು ಮಾಡಿ ಹೆಗಲ ಮೇಲೆ ಹೊತ್ತು, ಕಲ್ಲುಮುಳ್ಳಿನ ಕಾಲುದಾರಿಯಲ್ಲಿ ನಡೆದು, ಮುಂದಿನ ಸರೋವರಕ್ಕೆ ಇಳಿಸಬೇಕು.

ಅಲ್ಲಿ ಗಾಳಕ್ಕೆ ಬರುವ ಮುಖ್ಯ ಮೀನುಗಳು ಎರಡು. ಒಂದು ಪೈಕ್, ಇನ್ನೊಂದು ವಾಲೈ. ಪೈಕ್ ಮೈ ಉದ್ದ, ಬಾಯಿ ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆ, ಬೆನ್ನಿನ ರೆಕ್ಕೆ ಬಾಲದ ಹತ್ತಿರಕ್ಕೇ ಸರಿದಿರುತ್ತದೆ. ನೀರೊಳಗಿನ ಜೊಂಡಿನ ನಡುವೆ ಕಡ್ಡಿಯ ಹಾಗೆ ಅಲ್ಲಾಡದೆ ನಿಂತಿದ್ದು, ಎದುರಿಗೆ ಸಣ್ಣ ಮೀನು ಸುಳಿದ ಕ್ಷಣ ಬಾಣದಂತೆ ನುಗ್ಗುತ್ತದೆ. ವಾಲೈ ಸಂಜೆ ಮತ್ತು ಇರುಳಿನ ಬೇಟೆಗಾರ. ಬ್ಯಾಟರಿ ಬೆಳಕು ಬಿಟ್ಟರೆ ಅದರ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಕತ್ತಲಲ್ಲಿ ಸಿಗುವ ಚೂರುಪಾರು ಬೆಳಕನ್ನೂ ಹಿಡಿದು ನೋಡುವ ಪದರ ಆ ಕಣ್ಣಿನ ಹಿಂದೆ ಇದೆ. 1965ರಿಂದ ಅದು ಆ ರಾಜ್ಯದ ಅಧಿಕೃತ ಮೀನು.

ಹುಡುಗನಿಗೆ ಮೂರನೆಯ ದಿನ ತೋಳುದ್ದದ ಪೈಕ್ ಸಿಕ್ಕಿತಂತೆ. ಎಳೆದು ದೋಣಿಯ ಪಕ್ಕಕ್ಕೆ ತಂದು, ಟೇಪು ಹಿಡಿದು ಅಳತೆ ಮಾಡಿ, ಬಾಯಿಂದ ಗಾಳ ಬಿಡಿಸಿ ನೀರಿಗೇ ಬಿಟ್ಟನಂತೆ.

"ಅಷ್ಟು ದೊಡ್ಡ ಮೀನನ್ನ ಯಾಕಪ್ಪಾ ಬಿಟ್ಟೆ?" ಅಂತ ಕೇಳಿದೆ.

"ಆ ಕಡೆಯ ಸರೋವರಗಳಲ್ಲಿ 30 ಅಂಗುಲದಿಂದ 40 ಅಂಗುಲದೊಳಗಿನ ಪೈಕ್ ಸಿಕ್ಕಿದ್ರೆ ಬಿಡಲೇಬೇಕು ಚಿಕ್ಕಪ್ಪಾ, ಕಾನೂನು. ಮೊಟ್ಟೆ ಇಡೋ ದೊಡ್ಡ ಮೀನು ಉಳೀಲಿ ಅಂತ. ವಾಲೈ ಮೊಟ್ಟೆ ಇಡೋ ಕಾಲದಲ್ಲಂತೂ, ಫೆಬ್ರವರಿ ಕೊನೆಯಿಂದ ಮೇ ಮಧ್ಯದ ತನಕ, ಅದನ್ನ ಹಿಡಿಯೋ ಹಾಗೇ ಇಲ್ಲ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ನಮ್ಮೂರ ಕೆರೆ, ನಮ್ಮೂರ ಮೀನು, ನನಗೆ ಈ ಪಾಠವನ್ನು ಅಕ್ಷರವಿಲ್ಲದೆ ಕಲಿಸಿದ ಒಬ್ಬ ತಾತ, ಇವೇ ಕಣ್ಣ ಮುಂದೆ ಬಂದವು. ಇವತ್ತು ನಿಮ್ಮ ಮುಂದೆ ಆ ಮಾತನ್ನೇ ಆಡಬೇಕೆಂದು ಬಂದಿದ್ದೇನೆ.

ಆವನಿ ಇರುವುದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ. ಊರಿನ ಬೆನ್ನಿಗೆ ದೊಡ್ಡ ಕಲ್ಲುಬೆಟ್ಟ. ಬೆಟ್ಟದ ಮೇಲೆ ಸೀತಮ್ಮನ ಗುಡಿ, ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ, ಅದೇ ಆವರಣದಲ್ಲಿ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಗುಡಿಗಳು. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ನಮ್ಮ ಹಿರಿಯರು ನಂಬಿಕೊಂಡು ಬಂದಿದ್ದಾರೆ. ಶಿವರಾತ್ರಿಯ ಜಾತ್ರೆಗೆ ಬಂದವರು ಬೆಟ್ಟ ನೋಡುತ್ತಾರೆ, ಗುಡಿ ನೋಡುತ್ತಾರೆ. ಕೆರೆಯನ್ನು ನಿಂತು ನೋಡುವವರು ಕಡಿಮೆ.

ಆದರೆ ಈ ಊರನ್ನು ಕಟ್ಟಿದವರ ಕಣ್ಣಲ್ಲಿ ಗುಡಿಗೂ ಕೆರೆಗೂ ಭೇದ ಇರಲಿಲ್ಲ. ಹತ್ತನೆಯ ಶತಮಾನದಲ್ಲಿ ಆವನಿಯ ಸ್ಥಾನವನ್ನು ನಲವತ್ತು ವರ್ಷ ನಡೆಸಿದ ತ್ರಿಭುವನಕರ್ತ ಎಂಬ ಶೈವ ಗುರುವಿನ ಶಾಸನ ಇಲ್ಲಿದೆ. ಅವರು ಐವತ್ತು ದೇಗುಲ ಕಟ್ಟಿಸಿದರು, ಎರಡು ದೊಡ್ಡ ಕೆರೆ ಕಟ್ಟಿಸಿದರು ಎಂದು ಆ ಶಾಸನ ಹೇಳುತ್ತದೆ. ಕೋಲಾರ ಸೀಮೆಯ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವನಿಗೆ, ಕೆರೆ ಕಾಯುವವನಿಗೆ ಬಿಟ್ಟುಕೊಟ್ಟ ಗದ್ದೆ ಅದು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆ ನಮ್ಮದು. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ, ಮಳೆ ಬಂದ ದಿನ ಹರಿದು ಮರುದಿನ ಮರಳಾಗುತ್ತವೆ. ಅದಕ್ಕೇ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿಕೊಂಡು ಬದುಕಿದೆವು. ಮೇಲಿನ ಕೆರೆ ಕೋಡಿ ಹೋದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮಿನೆಸೋಟಾದವರು ದೋಣಿಯನ್ನು ಹೆಗಲ ಮೇಲೆ ಹೊತ್ತು ಸರೋವರದಿಂದ ಸರೋವರಕ್ಕೆ ಹೋಗುತ್ತಾರೆ. ನಮ್ಮಲ್ಲಿ ಕೋಡಿಯ ನೀರೇ ಮೀನನ್ನು ಹೊತ್ತು ಕೆರೆಯಿಂದ ಕೆರೆಗೆ ಸಾಗಿಸುತ್ತದೆ.

ಹಾಗೆ ಬರುವ ಮೀನುಗಳಲ್ಲಿ ರಾಜ ಎಂದರೆ ಕೊರಮೀನು. ಕೆಲವರು ಕೊರವ ಎನ್ನುತ್ತಾರೆ. ಗಡಿಯಾಚೆ ತೆಲುಗರಿಗೆ ಅದು ಕೊರ್ರಮೀನು, ತಮಿಳರಿಗೆ ವಿರಾಲ್. ತೆಲಂಗಾಣ ಅದನ್ನು ತನ್ನ ರಾಜ್ಯದ ಮೀನೆಂದೇ ಸಾರಿಕೊಂಡಿದೆ. ಉರುಟಾದ ಉದ್ದ ಮೈ, ಹಾವಿನ ತಲೆಯಂಥ ತಲೆ, ಬೆನ್ನು ಕೆಸರಿನ ಬಣ್ಣ, ಹೊಟ್ಟೆ ಬಿಳಿ, ಪಕ್ಕೆಯಲ್ಲಿ ಓರೆ ಪಟ್ಟೆ. ಪೈಕ್ ಮೀನಿಗೂ ಇದಕ್ಕೂ ವಂಶದ ಸಂಬಂಧ ಇಲ್ಲ. ಬದುಕುವ ರೀತಿ ಮಾತ್ರ ಒಂದೇ. ಇದೂ ಜೊಂಡಿನ ಮರೆಯಲ್ಲಿ ಹೊಂಚುತ್ತದೆ, ಸದ್ದಿಲ್ಲದೆ ನಿಲ್ಲುತ್ತದೆ, ಎದುರಿಗೆ ಬಂದ ಕಪ್ಪೆಯನ್ನೋ ಪಕ್ಕೆ ಎಂಬ ಸಣ್ಣ ಮೀನನ್ನೋ ಒಂದೇ ನೆಗೆತಕ್ಕೆ ನುಂಗುತ್ತದೆ.

ಕೊರಮೀನಿಗೆ ಇನ್ನೊಂದು ವಿಶೇಷ ಉಂಟು. ಅದು ನಮ್ಮ ನಿಮ್ಮ ಹಾಗೆ ಗಾಳಿಯನ್ನೂ ಉಸಿರಾಡುತ್ತದೆ. ಕಿವಿರಿನ ಮೇಲ್ಗಡೆ ಗಾಳಿ ಹಿಡಿದಿಟ್ಟುಕೊಳ್ಳುವ ಒಂದು ಗೂಡು ಅದಕ್ಕಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗದಿದ್ದರೆ ನೀರೊಳಗಿದ್ದೇ ಉಸಿರುಕಟ್ಟಿ ಸಾಯುತ್ತದೆ. ಕೆರೆ ಬತ್ತಿದರೆ ಕೆಸರಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ. ರಾತ್ರಿ ಹೊತ್ತು ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಗುಂಡಿಗೆ ಹೋಗುವುದೂ ಉಂಟು. ಬರದ ನಾಡಿಗೆ ತಕ್ಕ ಮೀನು. ಬೇರೆ ಮೀನು ಸತ್ತು ತೇಲುವ ಕಡೆ ಇದು ಬದುಕಿರುತ್ತದೆ.

ಇದನ್ನು ಹಿಡಿಯುವ ವಿದ್ಯೆಯನ್ನು ನನಗೆ ಕಲಿಸಿದವರು ನಮ್ಮೂರಿನ ಒಬ್ಬ ಬೆಸ್ತರ ತಾತ. ಊರಿಗೆಲ್ಲ ಅವರು ತಾತನೇ. ನನ್ನದಾಗ ಹನ್ನೆರಡು ಹದಿಮೂರರ ವಯಸ್ಸು. ಬಿದಿರು ಗಳದ ತುದಿಗೆ ದಾರ, ದಾರಕ್ಕೆ ಗಾಳ, ನವಿಲುಗರಿಯ ದಂಟಿನ ಬೆಂಡು. ಪಕ್ಕೆ ಮೀನಿಗಾದರೆ ಎರೆಹುಳು, ಕೊರಮೀನಿಗಾದರೆ ಕಪ್ಪೆ. ಬೆಂಡು ಬೇಡ. ಗಳವನ್ನು ಜೊಂಡಿನ ಮೇಲೆ ಚಾಚಿ, ಕಪ್ಪೆಯನ್ನು ನೀರಿನ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಕುಣಿಸಬೇಕು. ಟಪ್, ಟಪ್, ಟಪ್. ನಡುವೆ ನಿಲ್ಲಿಸಬೇಕು. ನಿಲ್ಲಿಸಿದಾಗಲೇ ಮೀನು ಬರುವುದು.

ತಾತ ಮೊದಲು ಕಲಿಸಿದ್ದು ಗಾಳ ಬೀಸುವುದನ್ನಲ್ಲ, ನೀರು ನೋಡುವುದನ್ನು. "ಸುಮ್ಮನೆ ಕೂತ್ಕೋ. ಅದು ಉಸಿರಿಗೆ ಬಂದೇ ಬರ್ತದೆ" ಅನ್ನುತ್ತಿದ್ದರು. ಏರಿಯ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರೆ, ಎಲ್ಲೋ ಜೊಂಡಿನ ಅಂಚಲ್ಲಿ ಗುಳುಕ್ ಅಂತ ಸದ್ದು. ನೀರ ಮೇಲೆ ಒಂದು ಬಳೆ ಬಿಚ್ಚಿಕೊಳ್ಳುತ್ತದೆ. ಬಳೆ ಅಗಲವಾದರೆ ದೊಡ್ಡ ಮೀನು. ಉಸಿರಾಡಿ ಹೋದ ಮೇಲೆ ಎರಡು ಗುಳ್ಳೆ ಎದ್ದರೆ, ಗುಳ್ಳೆ ಎದ್ದ ದಿಕ್ಕು ಯಾವುದೋ ಮೀನು ಹೋದ ದಿಕ್ಕು ಅದು. ಹೀಗೆ ಒಂದು ಗಂಟೆ ಕೂತರೆ ಕೆರೆಯ ಆ ಮೂಲೆಯಲ್ಲಿ ಎಷ್ಟು ಕೊರಮೀನು ಇವೆ, ಯಾವುದು ಎಲ್ಲಿದೆ ಎಂದು ತಾತ ಬೆರಳು ಮಡಿಸಿ ಹೇಳುತ್ತಿದ್ದರು.

ಗಾಳ ಹಾಕುವುದು ಬರೀ ಹೊಟ್ಟೆಪಾಡಿನ ಕೆಲಸ ಎಂದು ಯಾರೂ ತಿಳಿಯಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂದೇ ಒಂದು ಭಾಗ ಇದೆ. ನಮ್ಮ ನಾಡಿನ ದೊರೆ ಗಳ, ದಾರ, ಗಾಳ, ಮೇವು ಇವುಗಳ ಮಾತನ್ನೆಲ್ಲ ಬಿಡಿಸಿ ಹೇಳಿದ್ದಾನೆ. ಹುರುಪೆ ಇರುವ ಮೀನು, ಹುರುಪೆ ಇಲ್ಲದ ಮೀನು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಮೇವು ಎಂದು ಬರೆದಿದ್ದಾನೆ. ದೇಶದ ಹೆಸರಾಂತ ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಅಧ್ಯಯನ ಮಾಡಿ ಲೇಖನ ಬರೆದರು. ಒಬ್ಬ ದೊರೆ ಸಿಂಹಾಸನ ಬಿಟ್ಟು ನೀರಿನ ಅಂಚಿಗೆ ಬಂದು ಕೂತು ಮೀನಿನ ಸ್ವಭಾವವನ್ನು ಇಷ್ಟು ಗಮನವಿಟ್ಟು ನೋಡಿದ್ದಾನಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ ತಾತ ಮಾಡಿದ್ದೂ ಅದನ್ನೇ.

ಈಗ ನಾನು ಒಂದು ತಪ್ಪಿನ ಕಥೆ ಹೇಳಬೇಕು. ತಪ್ಪು ನನ್ನದು.

ಆ ವರ್ಷ ಮುಂಗಾರಿನ ದೊಡ್ಡ ಮಳೆಗೆ ಕೆರೆಗೆ ಹೊಸ ನೀರು ಬಂದಿತ್ತು. ಹಿನ್ನೀರಿನ ಅಂಚಲ್ಲಿ ಹುಲ್ಲು ಮುಳುಗಿ ಮೊಣಕಾಲುದ್ದ ನೀರು. ಶಾಲೆ ಬಿಟ್ಟವನೇ ಗಳ ಹಿಡಿದು ಒಬ್ಬನೇ ಹೋದೆ. ಜೊಂಡಿನ ನಡುವೆ ಒಂದು ಮೊರದಗಲ ಜಾಗದಲ್ಲಿ ನೀರು ಕೆಂಪಗಿತ್ತು. ಯಾರೋ ಕುಂಕುಮ ಕದಡಿದ ಹಾಗೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಆ ಕೆಂಪು ಅಲ್ಲಾಡುತ್ತಿದೆ! ಸೂಜಿಯಷ್ಟು ಸಣ್ಣ ಕಿತ್ತಳೆಗೆಂಪು ಮರಿಗಳು, ಸಾವಿರಾರು, ಒಂದಕ್ಕೊಂದು ಅಂಟಿದಂತೆ ಉಂಡೆಯಾಗಿ ಈಜುತ್ತಿವೆ. ಗಳಿಗೆಗೊಮ್ಮೆ ಎಲ್ಲವೂ ಮೇಲೆ ಬಂದು ಗಾಳಿ ಕುಡಿಯುತ್ತವೆ. ಆಗ ಸಣ್ಣ ಮಳೆ ಬಿದ್ದಂತೆ ನೀರು ಚಿಟಪಟ ಅನ್ನುತ್ತದೆ. ಅದರ ಕೆಳಗೆ, ಕೆಸರಿನ ಬಣ್ಣದಲ್ಲಿ ಕೆಸರಾಗಿ, ಒಂದು ದೊಡ್ಡ ಕೊರಮೀನು ನಿಂತಿತ್ತು.

ನನಗೆ ಮೀನು ಕಂಡಿತು. ಬೇರೇನೂ ಕಾಣಲಿಲ್ಲ. ಕಪ್ಪೆಯನ್ನು ಆ ಕೆಂಪಿನ ಮೇಲೆ ಒಂದೇ ಸಲ ಕುಣಿಸಿದೆ. ಕೊರಮೀನು ಹೊಂಚಲಿಲ್ಲ, ಕಾಯಲಿಲ್ಲ, ನೇರ ಮೇಲಕ್ಕೆ ನುಗ್ಗಿ ಕಚ್ಚಿತು. ಗಳ ಬಿಲ್ಲಿನಂತೆ ಬಾಗಿತು. ಎಳೆದು ದಡಕ್ಕೆ ಹಾಕಿದಾಗ ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದ ಇತ್ತು. ಹುಲ್ಲಿನ ಮೇಲೆ ಬಿದ್ದರೂ ಅದು ನೀರಿನ ಕಡೆಗೇ ತೆವಳುತ್ತಿತ್ತು. ನಾನದನ್ನು ಲಂಟಾನ ಕಡ್ಡಿಗೆ ಪೋಣಿಸಿ, ಊರೆಲ್ಲ ನೋಡಲಿ ಎಂದು ಬೀದಿಯ ಮಧ್ಯದಲ್ಲೇ ನಡೆದೆ.

ತಾತ ಜಗಲಿಯ ಮೇಲೆ ಬಲೆ ಹೆಣೆಯುತ್ತಾ ಕೂತಿದ್ದರು. ಮೀನನ್ನು ನೋಡಿದರು, ಹಿಗ್ಗಲಿಲ್ಲ. "ಎಲ್ಲಿ ಹಿಡ್ದೆ?" ಅಂದರು. ಹೇಳಿದೆ. "ಅಲ್ಲಿ ನೀರು ಕೆಂಪಗಿತ್ತಾ?" ಅಂದರು. "ಹೂಂ ತಾತ, ಮರಿ ಇದ್ದೋ" ಅಂದೆ. ಅವರು ಬಲೆಯನ್ನು ಪಕ್ಕಕ್ಕಿಟ್ಟರು. "ಮನೇಗೆ ಹೋಗಿ ಇದನ್ನ ಕೊಟ್ಟು ಬಾ. ಕೆರೇಗೆ ಹೋಗೋಣ" ಅಂದರು.

ಹೊತ್ತು ಮುಳುಗುವ ಮುಂಚೆ ಇಬ್ಬರೂ ಅಲ್ಲಿಗೆ ಹೋದೆವು. ಕೆಂಪು ಉಂಡೆ ಒಡೆದು ಚದುರಿತ್ತು. ಅಲ್ಲೊಂದು ಇಲ್ಲೊಂದು ಚುಕ್ಕೆ. ಸಣ್ಣ ಪಕ್ಕೆ ಮೀನುಗಳು ನಾಲ್ಕೂ ಕಡೆಯಿಂದ ಬಂದು ಅವನ್ನು ಕಡಲೆ ತಿಂದ ಹಾಗೆ ಹೆಕ್ಕಿ ತಿನ್ನುತ್ತಿದ್ದವು. ನೀರುಕೋಳಿಯೊಂದು ಜೊಂಡಿನಿಂದ ಬಂದು ತನ್ನ ಪಾಲು ಆರಿಸಿಕೊಂಡು ಹೋಯಿತು. ತಾತ ಬೈಯಲಿಲ್ಲ. "ಅದು ಹಸಿವಿಗೆ ಕಚ್ಚಲಿಲ್ಲ ಮಗಾ. ಮರೀನ ಕಾಯೋಕೆ ಕಚ್ತು. ಕಪ್ಪೆ ಮರಿ ತಿನ್ನೋಕೆ ಬಂತು ಅಂದ್ಕೊಂತು. ಬಾಣಂತೀನ ಕರ್ಕೊಂಡು ಹೋದಂಗೆ ಆಯ್ತು ಇದು" ಅಂದರು. ಅಷ್ಟೇ. ಮನೆಗೆ ಬಂದರೆ ಅಮ್ಮ ಮೀನನ್ನು ಬೂದಿ ಹಾಕಿ ಕಲ್ಲಿಗೆ ಉಜ್ಜಿ ಲೋಳೆ ತೆಗೆದು, ಹುಣಸೆಹುಳಿ ಕಿವುಚಿ, ಮೆಂತ್ಯ ಹುರಿದು ಹಾಕಿ, ಮಣ್ಣಿನ ಮಡಕೆಯಲ್ಲಿ ಸಾರು ಕುದಿಸಿದ್ದರು. ನಮ್ಮ ಕಡೆ ಮುದ್ದೆಗೆ ಕೊರಮೀನಿನ ಸಾರಿಗಿಂತ ಮಿಗಿಲಾದದ್ದು ಇಲ್ಲ. ಮುಳ್ಳು ಕಡಿಮೆ, ಮಾಂಸ ಗಟ್ಟಿ, ಹುಳಿ ಹಿಡಿದು ಮರುದಿನಕ್ಕೆ ಇನ್ನೂ ರುಚಿ. ಆ ರಾತ್ರಿ ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ತಾತ ಹೇಳಿದ್ದು ಸತ್ಯ ಎಂದು ಮುಂದೆ ಪುಸ್ತಕಗಳಲ್ಲಿ ಓದಿ ತಿಳಿದುಕೊಂಡೆ. ಕೊರಮೀನಿನ ಜೋಡಿ ಮಳೆಗಾಲದಲ್ಲಿ ಆಳವಿಲ್ಲದ ನೀರಿನಲ್ಲಿ ಜೊಂಡನ್ನು ಸರಿಸಿ ದುಂಡಗೆ ಜಾಗ ಮಾಡಿಕೊಳ್ಳುತ್ತದೆ. ಮೊಟ್ಟೆಗಳು ಜೇನಿನ ಬಣ್ಣದವು, ನೀರಿನ ಮೇಲೆ ತೇಲುತ್ತವೆ. ಒಂದೆರಡು ದಿನದಲ್ಲಿ ಮರಿ. ಆಮೇಲೆ ಕೆಲವು ವಾರಗಳ ಕಾಲ, ಮರಿಗಳ ಕೆಂಪು ಬಣ್ಣ ಮಾಸಿ ಅವು ತಾವಾಗಿ ಚದುರುವ ತನಕ, ಹಿರಿಯ ಮೀನು ಕಾವಲು ಬಿಟ್ಟು ಕದಲುವುದಿಲ್ಲ. ಕಾಲಿಟ್ಟ ಮನುಷ್ಯನ ಮೇಲೂ ನುಗ್ಗುತ್ತದೆ.

ಇಲ್ಲೇ ನೋಡಿ, ಪೈಕ್ ಮೀನಿಗೂ ಕೊರಮೀನಿಗೂ ಇರುವ ದೊಡ್ಡ ವ್ಯತ್ಯಾಸ. ಪೈಕ್ ವಸಂತದಲ್ಲಿ ಮುಳುಗಿದ ಹುಲ್ಲಿನ ಮೇಲೆ ಹತ್ತಾರು ಸಾವಿರ ಮೊಟ್ಟೆ ಚೆಲ್ಲಿ ಹೊರಟುಹೋಗುತ್ತದೆ. ವಾಲೈ ಕೂಡ ಹಾಗೆಯೇ. ಅವು ಲೆಕ್ಕವನ್ನು ನಂಬಿ ಬದುಕುವ ಮೀನು. ಅಷ್ಟರಲ್ಲಿ ಕೆಲವಾದರೂ ಉಳಿಯುತ್ತವೆ. ಕೊರಮೀನು ಇಡುವುದು ಕೆಲವೇ ಸಾವಿರ, ಅದು ನಂಬಿರುವುದು ಕಾವಲನ್ನು. ಅಲ್ಲಿ ಮೊಟ್ಟೆ ಇಟ್ಟು ಹೋದ ಪೈಕ್ ಒಂದನ್ನು ಹಿಡಿದರೆ ಒಂದು ಮೀನು ಹೋಯಿತು. ಇಲ್ಲಿ ಕಾವಲಿನ ಕೊರಮೀನನ್ನು ಹಿಡಿದರೆ ಒಂದು ಸಂಸಾರವೇ ಹೋಯಿತು. ಅಲ್ಲಿನವರು ಅಂಗುಲದ ಲೆಕ್ಕದಲ್ಲಿ ಕಾನೂನು ಮಾಡಿಕೊಂಡಿದ್ದಾರೆ. ನಮ್ಮ ಕೆರೆಯಲ್ಲಿ ಅಳೆಯಲು ಟೇಪು ಬೇಕಿಲ್ಲ. ನೀರು ಕೆಂಪಗಿದ್ದರೆ ಗಾಳ ಎತ್ತಿಕೊಳ್ಳಬೇಕು. ತಾತನ ಕಾನೂನು ಅಷ್ಟೇ.

ಇಂಥ ಸಂಯಮ ನಮಗೆ ಹೊಸದಲ್ಲ. ಅಶೋಕ ಚಕ್ರವರ್ತಿ ತನ್ನ ಐದನೆಯ ಸ್ತಂಭಶಾಸನದಲ್ಲಿ ವರ್ಷದ ಇಂತಿಂಥ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದು ಬರೆಸಿದ. ನಮ್ಮ ಕರಾವಳಿಯಲ್ಲಿ ಇವತ್ತಿಗೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯ ಕಡೆ ಹರಿಗೋಲಿನಲ್ಲಿ ಕೂತು ಬಿಳಿಮೀನನ್ನು, ಅಂದರೆ ಮಶೀರ್ ಮೀನನ್ನು, ಹಿಡಿದು, ತೂಗಿ, ಬರೆದಿಟ್ಟುಕೊಂಡು ಮತ್ತೆ ನೀರಿಗೆ ಬಿಡುವ ಪದ್ಧತಿ ಬಹಳ ವರ್ಷ ನಡೆಯಿತು. 1998ರಿಂದ 2012ರವರೆಗೆ ಗಾಲಿಬೋರೆಯಲ್ಲಿ ಗಾಳದವರು ಬರೆದಿಟ್ಟ ಆ ಲೆಕ್ಕವನ್ನೇ ವಿಜ್ಞಾನಿಗಳು ಮುಂದಿಟ್ಟುಕೊಂಡು ನೋಡಿದಾಗ, ಕಾವೇರಿಯದೇ ಆದ ಡುಬ್ಬದ ಮಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಮಶೀರ್ ಹೆಚ್ಚಿದ್ದು ಬೆಳಕಿಗೆ ಬಂತು. 2018ರಲ್ಲಿ ಆ ಡುಬ್ಬದ ಮೀನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಗಾಳ ಹಿಡಿದು ತಾಳ್ಮೆಯಿಂದ ಕೂತವನ ಕಣ್ಣು ನದಿಯ ಆರೋಗ್ಯವನ್ನು ಎಲ್ಲರಿಗಿಂತ ಮೊದಲು ಕಾಣುತ್ತದೆ. ಕಂಡದ್ದನ್ನು ಬರೆದಿಟ್ಟರೆ ಅದು ಸಾಕ್ಷಿಯಾಗುತ್ತದೆ.

ನಮ್ಮ ಕೆರೆಗಳಿಗೆ ಅಂಥ ಸಾಕ್ಷಿ ಬರೆದವರಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ. ವರ್ಷದ ಮಳೆ ಸುಮಾರು 700 ಮಿಲಿಮೀಟರ್ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ ಎಂಬ ಜಿಲ್ಲೆ ಇದು. ಮಳೆ ಕೈಕೊಟ್ಟ ವರ್ಷಗಳು ಸಾಲಾಗಿ ಬಂದವು. ಕೊಳವೆಬಾವಿ ಸಾವಿರ ಅಡಿ ದಾಟಿತು. ರಾಜಕಾಲುವೆಗಳು ಮುಚ್ಚಿಹೋದವು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ನೀಲಗಿರಿ ತೋಪುಗಳು ಹೊಲ ತುಂಬಿದವು. ಒಂದು ಪೀಳಿಗೆಯ ಮಕ್ಕಳು ಕೆರೆ ಎಂದರೆ ಕ್ರಿಕೆಟ್ ಆಡುವ ಬಯಲು ಎಂದೇ ತಿಳಿದು ಬೆಳೆದರು. ಕೆಸರಲ್ಲಿ ಹೂತು ಮಳೆಗೆ ಕಾಯುವ ಕೊರಮೀನು ಎಷ್ಟು ವರ್ಷ ಕಾದೀತು? ಕೆಸರೇ ಬಿರಿದು ಇಟ್ಟಿಗೆಯಾದ ಮೇಲೆ ಅದಕ್ಕೂ ಗತಿಯಿಲ್ಲ.

ಆಮೇಲೆ ನೀರು ಬಂತು, ಎರಡು ದಾರಿಯಲ್ಲಿ. 2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆ ತುಂಬಿಸುವ ಯೋಜನೆ. ಬತ್ತಿದ ಕೊಳವೆಬಾವಿಗೆ ಜೀವ ಬಂತೆಂದು ರೈತರು ಹಿಗ್ಗಿದರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಕೆರೆಯ ನೀರು ಹೊಲಕ್ಕೆ ಮಾತ್ರ ಹೋಗುವುದಿಲ್ಲ, ಮೀನಿನ ಮೈಯೊಳಗೆ ಹೋಗಿ ನಮ್ಮ ತಟ್ಟೆಗೂ ಬರುತ್ತದೆ. ಇನ್ನೊಂದು ದಾರಿ ಆಕಾಶದ್ದು. 2021ರ ನವೆಂಬರಿನಲ್ಲಿ ಹಿಂಗಾರು ಎಂದೂ ಕಾಣದಷ್ಟು ಸುರಿದು, ದಶಕಗಳಿಂದ ಒಣಗಿದ್ದ ಕೆರೆಗಳು ಜಿಲ್ಲೆಯ ಉದ್ದಕ್ಕೂ ಕೋಡಿ ಹರಿದವು. ಕೋಡಿಯ ಕಲ್ಲಿನ ಮೇಲೆ ಮಕ್ಕಳು ಪಂಚೆ ಹಿಡಿದು ನಿಂತು ಮೀನು ಹಿಡಿದದ್ದನ್ನು ನಾನು ನೋಡಿದೆ. ಹೆಂಗಸರು ಗಂಗಮ್ಮನಿಗೆ ಅರಿಶಿನ ಕುಂಕುಮ ಬಿಟ್ಟು ಬಾಗಿನ ಕೊಟ್ಟರು.

ಅದಾದ ಮುಂದಿನ ಮುಂಗಾರಿನಲ್ಲಿ ಒಂದು ಸಂಜೆ ಏರಿಯ ಮೇಲೆ ನಡೆಯುತ್ತಿದ್ದೆ. ಜೊಂಡಿನ ಅಂಚಲ್ಲಿ ಗುಳುಕ್ ಅಂತು. ಐವತ್ತು ವರ್ಷದ ಹಿಂದೆ ಕೇಳಿದ ಅದೇ ಸದ್ದು. ನಿಂತೆ. ನೀರಿನ ಮೇಲೆ ಬಳೆ ಬಿಚ್ಚಿಕೊಂಡಿತು. ಯಾವ ಮೇಲಿನ ಕೆರೆಯ ಯಾವ ಗುಂಡಿಯಲ್ಲಿ ಈ ಮೀನಿನ ಹಿರಿಯರು ಅಷ್ಟು ವರ್ಷ ಜೀವ ಹಿಡಿದುಕೊಂಡಿದ್ದರೋ, ಕೋಡಿಯ ನೀರು ಅವರನ್ನು ಹೇಗೆ ಹೊತ್ತು ತಂದಿತೋ! ತಾತ ಇದ್ದಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು. ನಾನೂ ಕೂತೆ.

ಬಂದ ಮೀನನ್ನು ಉಳಿಸಿಕೊಳ್ಳುವುದು ಈಗ ನಮ್ಮ ಕೈಯಲ್ಲಿದೆ. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು, ಅಂದರೆ ಪಾಶುವಾರು, ಹರಾಜಾಗುತ್ತದೆ. ಹರಾಜು ಹಿಡಿದವರು ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ಬಿಟ್ಟು ಸಾಕುತ್ತಾರೆ. ಅದು ಅವರ ಜೀವನ, ಅದರಲ್ಲಿ ತಪ್ಪಿಲ್ಲ. ಥರ್ಮಾಕೋಲ್ ತೆಪ್ಪದ ಮೇಲೆ ಕೂತು ಬೆಳಗಿನ ಜಾವದ ಚಳಿಯಲ್ಲಿ ಬಲೆ ಎಳೆಯುವವರ ಕಷ್ಟ ನನಗೆ ಗೊತ್ತು. ಆದರೆ ಬಿಟ್ಟ ಮರಿಯನ್ನು ತಿನ್ನುತ್ತದೆ ಎಂದು ಕೊರಮೀನನ್ನು ಹುಡುಕಿ ಹುಡುಕಿ ಕೊಲ್ಲುವುದು ಬೇಡ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಜಿಲೇಬಿ ಮೀನು ಇವತ್ತು ಕೆರೆ ಕೆರೆಯಲ್ಲಿ ಹುಳದ ಹಾಗೆ ಹೆಚ್ಚಿದೆ. ಅದರ ಮರಿಯನ್ನು ತಿಂದು ಹದದಲ್ಲಿಡುವ ಊರಿನ ಮೀನು ಕೊರಮೀನೇ. ಇನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು ಕೆಲವರು ಇಂದಿಗೂ ಕದ್ದು ಸಾಕುತ್ತಾರೆ. ಮಳೆಗೆ ಹೊಂಡ ಒಡೆದರೆ ಅದು ಕೆರೆಗೆ ಬರುತ್ತದೆ. ಬಂದರೆ ಕೊರಮೀನಿನ ಕಾವಲಿಗೂ ಅದು ಬಗ್ಗುವ ಜಾತಿಯಲ್ಲ. ಅದನ್ನು ಯಾವ ಕಾರಣಕ್ಕೂ ಸಾಕಬೇಡಿ, ಕೊಳ್ಳಬೇಡಿ.

ಹಿನ್ನೀರಿನ ಜೊಂಡನ್ನು ಪೂರ್ತಿ ಕಿತ್ತು ಕೆರೆಯನ್ನು ತಟ್ಟೆಯ ಹಾಗೆ ಬೋಳು ಮಾಡುವ ಹೂಳೆತ್ತುವಿಕೆಯೂ ಬೇಡ. ಹೂಳು ತೆಗೆಯಿರಿ, ಏರಿ ಭದ್ರ ಮಾಡಿ, ತೂಬು ಸರಿಪಡಿಸಿ. ಅಂಚಿನ ಒಂದು ಮೂಲೆಯಲ್ಲಿ ಮೊಣಕಾಲುದ್ದ ನೀರು, ಜೊಂಡು, ಹುಲ್ಲು ಇರಲಿ ಬಿಡಿ. ಕೊರಮೀನಿನ ಹೆರಿಗೆ ಮನೆ ಅದು. ರಾಜಕಾಲುವೆ ಮುಚ್ಚಿದರೆ ನೀರು ಬರುವ ದಾರಿ ಮಾತ್ರ ಮುಚ್ಚುವುದಲ್ಲ, ಮೀನು ಬರುವ ದಾರಿಯೂ ಮುಚ್ಚುತ್ತದೆ ಎಂಬುದು ನೆನಪಿರಲಿ.

ಅಣ್ಣನ ಮಗ ಮುಂದಿನ ವರ್ಷ ಊರಿಗೆ ಬರುತ್ತಾನೆ. ತನ್ನ ಮಗಳನ್ನೂ ಕರೆತರುತ್ತಾನೆ, ಅವಳಿಗೆ ಏಳು ವರ್ಷ. "ಅಜ್ಜನ ಊರಿನ ಪೈಕ್ ಮೀನು ತೋರಿಸ್ತೀನಿ ಅಂತ ಹೇಳಿದೀನಿ ಚಿಕ್ಕಪ್ಪಾ" ಅಂದ. ತೋರಿಸುತ್ತೇನೆ. ಅವಳನ್ನು ಏರಿಯ ಕಲ್ಲಿನ ಮೇಲೆ ಕೂರಿಸಿ ಮೊದಲು ನೀರು ನೋಡುವುದನ್ನು ಕಲಿಸುತ್ತೇನೆ. ಗಾಳ ಆಮೇಲೆ.

ಕೆರೆ ಇರುವ ಊರಿನ ನನ್ನ ಬಂಧುಗಳೇ, ಮಳೆಗಾಲದಲ್ಲಿ ಕೆರೆಯ ಕಡೆ ಹೋದರೆ ಜೊಂಡಿನ ನಡುವೆ ಬಗ್ಗಿ ನೋಡಿ. ನೀರು ಕೆಂಪಗಿದ್ದರೆ ಗಾಳ ಹಾಕಬೇಡಿ, ಬಲೆ ಬೀಸಬೇಡಿ, ಕಲ್ಲು ಎಸೆಯುವ ಮಕ್ಕಳನ್ನು ತಡೆಯಿರಿ. ನಾಲ್ಕು ವಾರ ತಾಳಿದರೆ ಸಾಕು, ಆ ಕೆಂಪು ತಾನಾಗಿ ಚದುರಿ ಕೆರೆ ತುಂಬ ಮೀನಾಗುತ್ತದೆ.